ನೀರಿಗೆ ಅನುಮತಿ ಇತ್ತು, ನಮಗಿರಲಿಲ್ಲ

2020ರ ಮಾರ್ಚ್ 24ರ ರಾತ್ರಿ ಕೇಂದ್ರ ಗೃಹ ಸಚಿವಾಲಯದ ಕೊರೊನಾ ಲಾಕ್‌ಡೌನ್ ಆದೇಶ ಎಲ್ಲರ ಮೊಬೈಲಿಗೂ ಬಂತು. ಯಾವುದು ತೆರೆದಿರಬಹುದು ಎಂಬ ಪಟ್ಟಿಯನ್ನು ಮೇಲಿಂದ ಕೆಳಗೆ ಓದಿದೆ. ರೇಷನ್ ಅಂಗಡಿ, ದಿನಸಿ, ಹಣ್ಣು, ತರಕಾರಿ, ಹಾಲು, ಮಾಂಸ, ಮೀನು, ಮೇವು, ಬ್ಯಾಂಕು, ಎಟಿಎಂ, ಪೆಟ್ರೋಲ್ ಬಂಕು, ಗ್ಯಾಸು, ಪತ್ರಿಕೆ, ಟಿ.ವಿ., ಇಂಟರ್‌ನೆಟ್ಟು. ವಿದ್ಯುತ್ ಉತ್ಪಾದನೆ, ಪ್ರಸರಣ, ವಿತರಣೆ ಇತ್ತು. ನೀರು ಸರಬರಾಜು ನೋಡಿಕೊಳ್ಳುವ ಪೌರಸಂಸ್ಥೆಯ ಸಿಬ್ಬಂದಿಯೂ ಇದ್ದರು. ಸುಟ್ಟ ಮೋಟಾರಿಗೆ ಮತ್ತೆ ತಂತಿ ಸುತ್ತಿಕೊಡುವವನು ಮಾತ್ರ ಎಲ್ಲೂ ಇರಲಿಲ್ಲ. ಕರೆಂಟು ಕೊಡುವವನು ಓಡಾಡಬಹುದು, ನೀರು ಬಿಡುವವನು ಓಡಾಡಬಹುದು, ನಡುವೆ ಇರುವ ಮೋಟಾರ್ ಕೆಟ್ಟರೆ ಅದನ್ನು ರಿಪೇರಿ ಮಾಡುವವನು ಮನೆಯೊಳಗೆ ಕೂತಿರಬೇಕು. ಇಷ್ಟು ವರ್ಷವಾದರೂ ಆ ಪಟ್ಟಿ ನೆನಪಾದರೆ ಮೈ ಉರಿಯುತ್ತದೆ.

ನನ್ನದು ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರದಲ್ಲಿ ರಿವೈಂಡಿಂಗ್ ಅಂಗಡಿ. ಅಡಿಕೆ, ತೆಂಗಿನ ಸೀಮೆ. ಭದ್ರಾ ಮೇಲ್ದಂಡೆ ನೀರು ಬರುತ್ತದೆ ಎಂದು ಕಾಯುತ್ತಾ ನಮ್ಮ ರೈತರ ತಲೆ ನೆರೆತಿದೆ. ತೋಟಕ್ಕೂ ಊರಿಗೂ ಬೋರ್‌ವೆಲ್ಲೇ ಗತಿ. ಯುಗಾದಿಯಿಂದ ಮೊದಲ ಹದ ಮಳೆ ಬೀಳುವವರೆಗೆ ಮೋಟಾರ್ ಸುಡುವ ಕಾಲ. ಅಂತರ್ಜಲ ಇಳಿದಿರುತ್ತದೆ. ತ್ರೀ ಫೇಸ್ ಬಂದ ಕೂಡಲೇ ಎಲ್ಲ ತೋಟದವರೂ ಒಟ್ಟಿಗೆ ಸ್ಟಾರ್ಟರ್ ಒತ್ತುತ್ತಾರೆ, ವೋಲ್ಟೇಜ್ ಬೀಳುತ್ತದೆ. ಮೂರರಲ್ಲಿ ಒಂದು ಫೇಸ್ ಹೋದರಂತೂ ಮೋಟಾರ್ ತಿರುಗಲಾರದೆ ಗುಂಯ್‌ಗುಡುತ್ತಾ ನಿಂತು ಒಳಗಿನ ವೈಂಡಿಂಗ್ ಕರಕಲಾಗುತ್ತದೆ. ಆ ವರ್ಷ ಲಾಕ್‌ಡೌನಿನ ಮೊದಲ ದಿನವೇ ಯುಗಾದಿ. ಬೇವುಬೆಲ್ಲ ತಿನ್ನುವ ಹೊತ್ತಿಗೇ ಫೋನ್ ಶುರುವಾಯಿತು. "ಮೇಸ್ತ್ರಿ, ಮೋಟಾರ್ ಹೊಗೆ ಬಂತು. ತರಲಾ, ನೀವೇ ಬರ್ತೀರಾ?"

ಅಂಗಡಿ ತೆರೆಯುವ ಹಾಗಿಲ್ಲ ಎಂದರೆ ಯಾರೂ ಕೇಳುವ ಸ್ಥಿತಿಯಲ್ಲಿರಲಿಲ್ಲ. ಬೇಸಿಗೆಯಲ್ಲಿ ವಾರೊಪ್ಪತ್ತು ನೀರು ತಪ್ಪಿದರೆ ಎಳೆ ಅಡಿಕೆ ಗಿಡ ಬಾಡುತ್ತದೆ, ಫಸಲಿನ ಮರ ಹರಳು ಉದುರಿಸುತ್ತದೆ. ಅದು ಒಂದು ವರ್ಷದ ನಷ್ಟ ಅಲ್ಲ.

ಏಪ್ರಿಲ್ 3ರಂದು ಕೇಂದ್ರ ಸರ್ಕಾರ ಆ ಆದೇಶಕ್ಕೆ ಒಂದು ತಿದ್ದುಪಡಿ ಹೊರಡಿಸಿತು. ಕೃಷಿ ಯಂತ್ರೋಪಕರಣಗಳ ಅಂಗಡಿ, ಅವುಗಳ ಬಿಡಿಭಾಗ ಮತ್ತು ರಿಪೇರಿಗೆ ವಿನಾಯಿತಿ. ಪಂಪ್‌ಸೆಟ್ ಕೃಷಿ ಯಂತ್ರವಲ್ಲದೆ ಇನ್ನೇನು? ಆ ಆದೇಶದ ಪ್ರತಿಯನ್ನು ಮೊಬೈಲಿನಲ್ಲಿಟ್ಟುಕೊಂಡು ಅರ್ಧ ಷಟರ್ ಎತ್ತಿ ಕೆಲಸ ಶುರು ಮಾಡಿದೆ. ಬೀಟ್ ಪೊಲೀಸಿನವರು ಬಂದು ಕೇಳಿದಾಗ ತೋರಿಸಿದೆ. "ಇದು ಟ್ರ್ಯಾಕ್ಟರ್‌ನವರಿಗೆ ಕಣಯ್ಯಾ, ನಿನಗಲ್ಲ" ಅಂದರು. ಆ ಆದೇಶದಲ್ಲಿ ಟ್ರ್ಯಾಕ್ಟರ್ ಎಂದು ಎಲ್ಲಿ ಬರೆದಿದೆ ತೋರಿಸಿ ಎಂದು ನಾನು ಪಟ್ಟು ಹಿಡಿದೆ. ಷಟರ್ ಪೂರ್ತಿ ಇಳಿಸಿ ಹೋದರು. ಹಿಂದಿನ ಬಾಗಿಲಿಂದ ಕೆಲಸ ಮುಂದುವರಿಸಿದೆ. ಅದಕ್ಕೆ ನನಗೆ ಇವತ್ತಿಗೂ ಪಶ್ಚಾತ್ತಾಪ ಇಲ್ಲ.

ಸಾಮಾನು ಸಿಗುವುದೇ ದೊಡ್ಡ ಪಾಡಾಯಿತು. ಬೋರ್‌ವೆಲ್ಲಿಗೆ ಇಳಿಸುವ ಸಬ್‌ಮರ್ಸಿಬಲ್ ಮೋಟಾರಿನ ಒಳಗೂ ನೀರು ತುಂಬಿರುತ್ತದೆ. ಅದಕ್ಕೆ ಹಾಕುವ ತಾಮ್ರದ ತಂತಿಗೆ ಪ್ಲಾಸ್ಟಿಕ್ ಪದರ ಸುತ್ತಿರಬೇಕು, ಮಾಮೂಲಿ ಎನಾಮಲ್ ತಂತಿ ನಿಲ್ಲುವುದಿಲ್ಲ. ನಮಗೆ ಅದು ದಾವಣಗೆರೆಯಿಂದ, ಇಲ್ಲವೆಂದರೆ ಬೆಂಗಳೂರಿನ ಎಸ್.ಪಿ. ರೋಡಿನಿಂದ ಬರಬೇಕು. ಎರಡೂ ಕಡೆ ಬೀಗ. ನನ್ನ ಗೋಡೌನಿನ ಮೂಲೆಯಲ್ಲಿ ಉಳಿದಿದ್ದ ರೋಲುಗಳನ್ನು ಯಾರಿಗೆ ಮೊದಲು, ಯಾರಿಗೆ ಆಮೇಲೆ ಎಂದು ಅಳೆದು ಸುರಿದು ಹಾಕಿದೆ. ಕುಡಿಯುವ ನೀರಿನ ಮೋಟಾರಿಗೆ ಒಂದು ರೋಲು ತೆಗೆದಿಟ್ಟಿದ್ದೆ. ಎಷ್ಟು ಬೇಡಿಕೊಂಡರೂ ತೋಟದವರಿಗೆ ಅದನ್ನು ಕೊಡಲಿಲ್ಲ.

ಒಂದು ಮಧ್ಯಾಹ್ನ ಪಕ್ಕದ ಹಳ್ಳಿಯ ನೀರುಗಂಟಿ ಫೋನ್ ಮಾಡಿದ. ಊರಿನ ಟ್ಯಾಂಕಿಗೆ ನೀರೆತ್ತುವ ಮೋಟಾರ್ ಹೋಗಿದೆ, ಬದಲಿ ಮೋಟಾರ್ ಮೊದಲೇ ಕೆಟ್ಟು ಕೂತಿದೆ. ಹಿಂದೆಯೇ ಪಂಚಾಯ್ತಿ ಪಿಡಿಒ ಅವರ ಫೋನ್. "ನೀವು ಹೊರಡಿ, ಪೊಲೀಸರಿಗೆ ನಾನು ಹೇಳ್ತೀನಿ" ಎಂದರು. ಪತ್ರ ಕೊಡಿ ಸಾರ್ ಎಂದೆ. ಆಫೀಸಿನಲ್ಲಿ ಯಾರೂ ಇಲ್ಲ, ಸೀಲು ಬೀರುವಿನಲ್ಲಿದೆ, ಮಾತೇ ಸಾಕು ಎಂದರು. ನಾನು, ನನ್ನ ಕೈಕೆಳಗಿನ ಹುಡುಗ ಲಗೇಜ್ ಆಟೊದಲ್ಲಿ ಒಳದಾರಿಯಲ್ಲಿ ಹೋದೆವು. ಆರುನೂರು ಅಡಿಯಿಂದ ಮೋಟಾರ್ ಎತ್ತಬೇಕು. ಇಪ್ಪತ್ತು ಅಡಿಯ ಒಂದೊಂದು ಪೈಪನ್ನೂ ಚೈನ್ ಪುಲ್ಲಿಯಲ್ಲಿ ಎಳೆದು, ಕ್ಲಾಂಪ್ ಹಾಕಿ, ಬಿಚ್ಚಿ, ಪಕ್ಕಕ್ಕೆ ಮಲಗಿಸಬೇಕು. ಆ ಕೆಲಸದಲ್ಲಿ ಅಂತರ ಕಾಯ್ದುಕೊಳ್ಳುವುದು ಎಂದರೆ ಪೈಪು ಕಾಲ ಮೇಲೆ ಬೀಳಿಸಿಕೊಳ್ಳುವುದು. ಮುಖಕ್ಕೆ ಟವೆಲ್ ಕಟ್ಟಿಕೊಂಡು ಒಬ್ಬರ ಹೆಗಲಿಗೆ ಒಬ್ಬರು ಹೆಗಲು ಕೊಟ್ಟು ಎಳೆದೆವು. ಹೆಂಗಸರು ಕೊಡಗಳನ್ನು ಸಾಲಾಗಿ ಇಟ್ಟು ದೂರದಲ್ಲಿ ಕೂತಿದ್ದರು. ಒಬ್ಬಜ್ಜಿ ಮಜ್ಜಿಗೆ ತಂದು ದೂರದಲ್ಲಿಟ್ಟು, "ಕುಡಿರಪ್ಪಾ, ನಿಮ್ ಕೈಗೆ ಪುಣ್ಯ ಬರಲಿ" ಅಂದಳು.

ಸುಟ್ಟ ಮೋಟಾರ್ ಆಟೊಗೆ ಹಾಕಿಕೊಂಡು ಹೊರಡುವಾಗ ಕತ್ತಲಾಗಿತ್ತು. ನಮ್ಮ ಊರ ಬಾಗಿಲಲ್ಲೇ ಬ್ಯಾರಿಕೇಡ್. ಸಬ್ ಇನ್ಸ್‌ಪೆಕ್ಟರ್ ಕುರ್ಚಿಯಲ್ಲಿ ಕೂತಿದ್ದರು.

"ಏನಿದು?"

"ಊರಿನ ಕುಡಿಯೋ ನೀರಿನ ಮೋಟಾರ್ ಸಾರ್, ಸುಟ್ಟೋಗಿದೆ. ರಾತ್ರಿನೇ ವೈಂಡಿಂಗ್ ಮಾಡಿ ಬೆಳಗ್ಗೆ ಇಳಿಸ್ಬೇಕು."

"ಪಾಸ್?"

"ಪಿಡಿಒ ಸಾಹೇಬ್ರು ನಿಮಗೆ ಹೇಳ್ತೀನಿ ಅಂದಿದ್ರು ಸಾರ್."

"ನನಗ್ಯಾರೂ ಹೇಳಿಲ್ಲ. ಎಸೆನ್ಶಿಯಲ್ ಅಂದ್ರೆ ಹಾಲು, ತರಕಾರಿ, ಮೆಡಿಕಲ್. ಗುಜರಿ ಹೊತ್ಕೊಂಡು ತಿರುಗೋದಲ್ಲ."

ಗುಜರಿ ಎಂದ ಮಾತು ನನಗೆ ನಾಟಿತು. ಪಿಡಿಒ ಅವರಿಗೆ ಫೋನ್ ಮಾಡಿದೆ, ರಿಂಗಾಯಿತು, ಎತ್ತಲಿಲ್ಲ. ಮತ್ತೆ ಮಾಡಿದರೆ ಸ್ವಿಚ್ ಆಫ್. ಏಪ್ರಿಲ್ 3ರ ಆದೇಶ ತೋರಿಸಿದೆ. ಸಬ್ ಇನ್ಸ್‌ಪೆಕ್ಟರ್ ಮೊಬೈಲ್ ಕಡೆ ನೋಡಲೂ ಇಲ್ಲ. "ಜನಕ್ಕೆ ನೀರು ಬೇಡವಾ ಸಾರ್?" ಎಂದು ಕೇಳಿದೆ. ನಾನು ಕೇಳಿದ್ದು ಅಷ್ಟೇ. ಧ್ವನಿ ಏರಿಸಿರಲಿಲ್ಲ.

"ನನಗೇ ಕಾನೂನು ಹೇಳ್ತೀಯಾ?" ಎಂದು ಎದ್ದರು. ಪಕ್ಕದಲ್ಲಿದ್ದ ಕಾನ್‌ಸ್ಟೆಬಲ್ ಲಾಠಿ ಬೀಸಿದ. ಏಟು ನನಗೆ ಬೀಳಬೇಕಿತ್ತು. ಹುಡುಗ ಮೋಟಾರ್ ಉರುಳದಂತೆ ಆಟೊದ ಕಂಬಿಗೆ ಕೈ ಕೊಟ್ಟು ಹಿಡಿದುಕೊಂಡಿದ್ದ, ಏಟು ಅವನ ಬಲಗೈ ಮೇಲೆ ಬಿತ್ತು. ಅವನು ಕೂಗಲಿಲ್ಲ. ಕೈಯನ್ನು ಕಂಕುಳಲ್ಲಿ ಅದುಮಿಕೊಂಡು ಕೆಳಗೆ ಕೂತುಬಿಟ್ಟ. ಎರಡನೇ ಏಟು ಅವನ ಬೆನ್ನಿಗೆ ಬೀಳುವಷ್ಟರಲ್ಲಿ ನಾನು ಅಡ್ಡ ನಿಂತೆ. ಆಟೊ ಕೀಲಿ ಕಿತ್ತುಕೊಂಡರು. ಮೋಟಾರ್ ಸಮೇತ ಗಾಡಿ ಸ್ಟೇಷನ್ನಿಗೆ ಹೋಯಿತು. ನಮ್ಮ ಹೆಸರು ಬರೆದುಕೊಂಡು, ಆದೇಶ ಮೀರಿದ್ದಕ್ಕೆ ಸೆಕ್ಷನ್ 188 ಹಾಕ್ತೀನಿ ಎಂದು ಹೆದರಿಸಿ, ನಡೆದುಕೊಂಡು ಮನೆಗೆ ಹೋಗಿ ಎಂದರು.

ಆ ರಾತ್ರಿ ಊರಿನವರ ಫೋನ್ ನಿಲ್ಲಲಿಲ್ಲ. "ಮೇಸ್ತ್ರಿ, ಎಷ್ಟೊತ್ತಿಗಾಗುತ್ತೆ?" ಮೋಟಾರ್ ಸ್ಟೇಷನ್ ಅಂಗಳದಲ್ಲಿದೆ ಎಂದರೆ ಅರ್ಧ ಜನ ನಂಬಲಿಲ್ಲ. ಹುಡುಗನ ಕೈ ಬಾತು ಬೆರಳು ಮಡಿಸಲಾಗುತ್ತಿರಲಿಲ್ಲ. ಅವನ ತಾಯಿಗೆ ಫೋನ್ ಮಾಡಿ ಹೇಳುವಾಗ ನನ್ನ ಗಂಟಲು ಕಟ್ಟಿತು. ಅವನ ವಯಸ್ಸಿನವರು ತಮಟೆ ಬಾರಿಸಿ, ಚಪ್ಪಾಳೆ ತಟ್ಟಿ, ದೀಪ ಹಚ್ಚಿ ಕೊರೊನಾ ಯೋಧರಿಗೆ ಗೌರವ ಸಲ್ಲಿಸಿದ್ದ ದಿನಗಳು ಅವು. ಡಾಕ್ಟರು, ನರ್ಸು, ಆಶಾ ಕಾರ್ಯಕರ್ತೆ, ಪೌರಕಾರ್ಮಿಕರು ಆ ಗೌರವಕ್ಕೆ ಅರ್ಹರು, ಅದರಲ್ಲಿ ಎರಡು ಮಾತಿಲ್ಲ. ಆದರೆ ಊರಿಗೆ ನೀರು ತರಲು ಹೊರಟ ಹುಡುಗನಿಗೆ ಲಾಠಿ ಏಕೆ?

ಮರುದಿನ ಬೆಳಗ್ಗೆ ಪಂಚಾಯ್ತಿ ಸದಸ್ಯರೊಬ್ಬರು ಸ್ಟೇಷನ್ನಿಗೆ ಬಂದು ಮಾತಾಡಿದ ಮೇಲೆ ಗಾಡಿ ಬಿಟ್ಟರು. ಸಬ್‌ಮರ್ಸಿಬಲ್ ವೈಂಡಿಂಗ್ ಒಬ್ಬರ ಕೈಯಲ್ಲಿ ಆಗುವುದಲ್ಲ. ಸ್ಟೇಟರಿನ ಕಿರಿದಾದ ಕಂಡಿಗಳಲ್ಲಿ ಈ ಕಡೆಯಿಂದ ಒಬ್ಬರು ತಂತಿ ತೂರಿಸಬೇಕು, ಆ ಕಡೆಯಿಂದ ಇನ್ನೊಬ್ಬರು ಎಳೆದು ಮತ್ತೆ ವಾಪಸ್ ತೂರಿಸಬೇಕು, ಪದರಕ್ಕೆ ಒಂದು ಗೀರೂ ಬೀಳಬಾರದು. ಹುಡುಗ ಆ ಕಡೆ ಕೂರುವ ಹಾಗಿರಲಿಲ್ಲ. ನನ್ನ ಮನೆಯವಳು ಸೆರಗು ಸಿಕ್ಕಿಸಿಕೊಂಡು ಬಂದು ಕೂತಳು. ಜೀವಮಾನದಲ್ಲಿ ಮೋಟಾರ್ ಮುಟ್ಟಿದವಳಲ್ಲ. ಹುಡುಗ ಪಕ್ಕದಲ್ಲಿ ನಿಂತು, "ನಿಧಾನ ಅಕ್ಕ, ಈಗ ಎಳೀರಿ" ಎಂದು ಹೇಳಿಕೊಟ್ಟ. ಸಂಜೆಯ ಹೊತ್ತಿಗೆ ಮೋಟಾರ್ ಬೋರಿಗೆ ಇಳಿಯಿತು.

ನನ್ನ ಬಾವಮೈದ ಸರ್ಕಾರಿ ನೌಕರ. ವಿಷಯ ಗೊತ್ತಾಗಿ ಫೋನ್ ಮಾಡಿದ. "ಭಾವ, ನಿಮಗ್ಯಾಕೆ ಬೇಕಿತ್ತು? ದುಡ್ಡಿನ ಆಸೆಗೆ ಹೋಗಿ ಆ ಹುಡುಗನಿಗೂ ಏಟು ಕೊಡಿಸಿದ್ರಿ" ಅಂದ. ತಿಂಗಳಾದರೆ ಅವನ ಖಾತೆಗೆ ಸಂಬಳ ಬೀಳುತ್ತಿತ್ತು. ನನ್ನ ಆ ಮೋಟಾರಿನ ಬಿಲ್ಲು ಪಂಚಾಯ್ತಿಯಿಂದ ಕೈಗೆ ಬಂದದ್ದು ದೀಪಾವಳಿ ಹತ್ತಿರ. ಲಾಠಿ ಏಟಿಗಿಂತ ಅವನ ಮಾತು ಹೆಚ್ಚು ನೋಯಿಸಿತು, ಅದನ್ನು ಅವನಿಗೆ ಹೇಳಿಯೂ ಇದ್ದೇನೆ.

ಏಪ್ರಿಲ್ 20ರಿಂದ ಎಲೆಕ್ಟ್ರಿಷಿಯನ್, ಪ್ಲಂಬರ್, ಮೋಟಾರ್ ಮೆಕ್ಯಾನಿಕ್, ಬಡಗಿಗಳಿಗೆ ಕೆಲಸ ಮಾಡಲು ಕೇಂದ್ರ ಅವಕಾಶ ಕೊಟ್ಟಿತು. ನಮ್ಮ ರಾಜ್ಯದಲ್ಲಿ ಸಡಿಲಿಕೆ ಬರುವುದಕ್ಕೆ ಇನ್ನೂ ಕೆಲವು ದಿನ ಹಿಡಿಯಿತು. ಎಲೆಕ್ಟ್ರಿಷಿಯನ್ ಎಂಬ ಹೆಸರಿನಲ್ಲಿ ಅಂಗಡಿ ತೆರೆದೆ. ಮೇ 4ರಂದು ಮದ್ಯದಂಗಡಿಗಳು ತೆರೆದವು. ಸುಣ್ಣದಲ್ಲಿ ಚೌಕ ಬರೆದು, ಬೊಂಬು ಕಟ್ಟಿ, ಪೊಲೀಸರೇ ಸಾಲು ನಿಲ್ಲಿಸಿದರು. ರಾಜ್ಯದಲ್ಲಿ ಮೊದಲ ದಿನ 45 ಕೋಟಿ, ಮರುದಿನ 197 ಕೋಟಿ ರೂಪಾಯಿ ವ್ಯಾಪಾರ ಎಂದು ಪತ್ರಿಕೆಯಲ್ಲಿ ಬಂತು. ಖಜಾನೆಗೆ ಹಣ ಬೇಕು, ನನಗೂ ಅರ್ಥವಾಗುತ್ತದೆ. ಸರ್ಕಾರಕ್ಕೆ ಬೇಕಾದಾಗ ಪೊಲೀಸರು ಸಾಲನ್ನು ಎಷ್ಟು ತಾಳ್ಮೆಯಿಂದ ಕಾಯಬಲ್ಲರು ಎಂಬುದೂ ಆವತ್ತೇ ಅರ್ಥವಾಯಿತು.

ಮೇ 6ರಂದು ಆಗಿನ ಮುಖ್ಯಮಂತ್ರಿ ಯಡಿಯೂರಪ್ಪನವರು 1,610 ಕೋಟಿಯ ಪರಿಹಾರ ಘೋಷಿಸಿದರು. ಕ್ಷೌರಿಕರಿಗೆ, ಮಡಿವಾಳರಿಗೆ, ಆಟೊ ಮತ್ತು ಟ್ಯಾಕ್ಸಿ ಚಾಲಕರಿಗೆ ತಲಾ 5,000. ಪಕ್ಕದ ಸಲೂನಿನವನು ನನ್ನ ಬಾಲ್ಯದ ಗೆಳೆಯ. ಅವನಿಗೆ ಬಂದದ್ದಕ್ಕೆ ನನಗೆ ಸಂತೋಷವೇ. ಮೇ 19ರವರೆಗೆ ಅವನ ಬಾಗಿಲು ತೆರೆಯಲಿಲ್ಲ. ಅವರಿಗೆ ಸಂಘ ಇತ್ತು, ಜಿಲ್ಲೆಯಿಂದ ಬೆಂಗಳೂರಿನವರೆಗೆ ಕೇಳುವವರಿದ್ದರು. ರಿವೈಂಡಿಂಗ್‌ನವರು ಒಂದೊಂದು ಊರಲ್ಲಿ ಇಬ್ಬರು ಮೂವರು, ಗಿರಾಕಿಗಾಗಿ ಒಬ್ಬರ ಮುಖ ಒಬ್ಬರು ನೋಡದವರು. ನಮ್ಮ ಪರವಾಗಿ ಯಾರು ಕೇಳಬೇಕಿತ್ತು? ಮರುವರ್ಷದ ಪ್ಯಾಕೇಜಿನಲ್ಲಿ ಮೆಕ್ಯಾನಿಕ್‌ಗಳಿಗೆ 2,000 ಎಂದಾಗ ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ ಹಾಕಿ ಹುಡುಗನಿಗೆ ಕೊಡಿಸಿದೆ.

ಲಸಿಕೆ ವಿಷಯದಲ್ಲೂ ಅದೇ ಕಥೆ. 2021ರ ಮೇ ತಿಂಗಳಲ್ಲಿ 45 ವರ್ಷದೊಳಗಿನವರಿಗೆ ಡೋಸ್ ಸಾಲದೆ, ರಾಜ್ಯ ಸರ್ಕಾರ ಮುಂಚೂಣಿ ಕೆಲಸಗಾರರೆಂದು ಕೆಲವು ವರ್ಗಗಳನ್ನು ಗುರುತಿಸಿತು. ವಿದ್ಯುತ್ ಮತ್ತು ನೀರು ಸರಬರಾಜಿನವರು ಅದರಲ್ಲಿದ್ದರು. ನಾನು ವಯಸ್ಸಿನ ಲೆಕ್ಕದಲ್ಲಿ ಮೊದಲೇ ಹಾಕಿಸಿಕೊಂಡಿದ್ದೆ. ಹುಡುಗನನ್ನು ಕರೆದುಕೊಂಡು ಹೋದರೆ ಇಲಾಖೆಯ ಗುರುತಿನ ಚೀಟಿ ಕೇಳಿದರು. ಲೈನ್‌ಮನ್‌ಗಿದೆ, ನೀರುಗಂಟಿಗಿದೆ. ಅವರಿಬ್ಬರ ನಡುವೆ ನಿಂತು ಮೋಟಾರ್ ಎತ್ತುವವನಿಗೆ ಯಾವ ಇಲಾಖೆ? ವಾಪಸ್ ಕಳಿಸಿದರು.

ನಮ್ಮ ಕಸುಬಿನವರಿಗೆ ನಾನು ಹೇಳುವುದು ಇಷ್ಟು. ಯಾವ ಅಧಿಕಾರಿ ಫೋನಿನಲ್ಲಿ ಎಷ್ಟೇ ಒಳ್ಳೆಯ ಮಾತಾಡಲಿ, ಸೀಲು ಸಹಿ ಇರುವ ಪತ್ರವಿಲ್ಲದೆ ಪಂಚಾಯ್ತಿ ಮೋಟಾರ್ ಮುಟ್ಟಬೇಡಿ. ಗಾಡಿ ನಂಬರ್, ಯಾವ ಊರಿನ ಬೋರ್, ಯಾವ ಕೆಲಸ ಎಂಬುದೆಲ್ಲ ಅದರಲ್ಲಿರಲಿ. ಉದ್ಯಮ್ ನೋಂದಣಿ ಮಾಡಿಸುವಾಗ ಬರೀ ಅಂಗಡಿ ಎನ್ನದೆ ವಿದ್ಯುತ್ ಉಪಕರಣಗಳ ರಿಪೇರಿ ಎಂದು ಹಾಕಿಸಿ, ಸಹಾಯಕರಿಗೆ ಇ-ಶ್ರಮ್ ಕಾರ್ಡ್ ಮಾಡಿಸಿ. ಶಿವರಾತ್ರಿಯೊಳಗೆ ಬೇಸಿಗೆಗಾಗುವಷ್ಟು ತಂತಿ ತಂದಿಟ್ಟುಕೊಳ್ಳಿ. ನಾವು ಈಗ ಅಕ್ಕಪಕ್ಕದ ತಾಲ್ಲೂಕಿನವರೆಲ್ಲ ಸೇರಿ ಸಂಘ ಮಾಡಿಕೊಂಡಿದ್ದೇವೆ. ಮುಂದೆ ಇಂಥ ಆದೇಶ ಹೊರಡಿಸುವಾಗ ಪಂಪ್‌ಸೆಟ್ ರಿಪೇರಿ ಎಂದು ಹೆಸರು ಹಿಡಿದು ಬರೆಯಬೇಕು ಎಂದು ಮನವಿ ಕೊಟ್ಟಿದ್ದೇವೆ. ಸ್ಟೇಷನ್ ಅಂಗಳದಲ್ಲಿ ಮೋಟಾರ್ ಬಿದ್ದಿದ್ದ ಆ ರಾತ್ರಿಗೆ ಯಾರೂ ಇವತ್ತಿನವರೆಗೆ ಉತ್ತರ ಕೊಟ್ಟಿಲ್ಲ.

ಇನ್ನೊಂದು ಮಾತು. ಪತ್ರದಲ್ಲಿ ಸಹಾಯಕನ ಹೆಸರನ್ನೂ ಬರೆಸಿ. ನಿಮ್ಮ ಹೆಸರೊಂದೇ ಇದ್ದರೆ ನಿಮ್ಮನ್ನು ಬಿಟ್ಟು ಅವನನ್ನು ಇಳಿಸಿಕೊಳ್ಳುತ್ತಾರೆ.