ದಣಿದ ಕಾಲಿಗೆ ತಕ್ಕ ಸ್ಕೀ

ಮೇ ತಿಂಗಳಲ್ಲಿ ರಾಯದುರ್ಗದ ಬಂಡೆ ಕಾಯುವ ಪರಿ ಬಲ್ಲವರಿಗೆ, ಮಡಕಶಿರಾದಲ್ಲಿ ಮುಂಗಾರು ಕೈಕೊಡುವುದನ್ನು ಕಂಡವರಿಗೆ, ಹಿಮದ ಓಟದ ಬಗ್ಗೆ ಬರೆಯಹೊರಡುವುದೇ ಅತಿಯಾಯಿತು ಅನ್ನಿಸಬಹುದು. ಆದರೆ ಹಿಮ ಕಾಣದ ಸೀಮೆಯವರಿಗೇ ಈ ವಿಷಯ ಹೆಚ್ಚು ಬೇಕು. ಸ್ವೀಡನ್ನಿನಲ್ಲಿ ಹುಟ್ಟಿದವನು ತಪ್ಪು ಸ್ಕೀ ಕೊಂಡರೆ ಮುಂದಿನ ವಾರ ಇನ್ನೊಂದನ್ನು ಕಟ್ಟಿ ನೋಡುತ್ತಾನೆ. ಇಲ್ಲಿಂದ ರಜೆ, ವೀಸಾ, ವಿಮಾನದ ದುಡ್ಡು ಎಲ್ಲ ಹೊಂದಿಸಿಕೊಂಡು ಒಂದೇ ಒಂದು ಓಟಕ್ಕೆಂದು ಹೋಗುವವರಿಗೆ ಆ ಸವಲತ್ತು ಇಲ್ಲ. ಸ್ವೀಡನ್ನಿನ ವಾಸಲೋಪೆಟ್ 90 ಕಿ.ಮೀ., ಇಟಲಿಯ ಮಾರ್ಚಾಲೊಂಗಾ 70 ಕಿ.ಮೀ., ನಾರ್ವೆಯ ಬಿರ್ಕೆಬೈನರ್ 54 ಕಿ.ಮೀ. ಈ ಮೂರೂ ಕ್ಲಾಸಿಕ್ ಶೈಲಿಯ ಓಟಗಳು, ಅಂದರೆ ಹಿಮದಲ್ಲಿ ಕೊರೆದ ಜೋಡಿ ಗಾಡಿಜಾಡಿನಲ್ಲಿ ಸ್ಕೀ ನೇರವಾಗಿಟ್ಟುಕೊಂಡು ಒದ್ದು ಜಾರುತ್ತ ಸಾಗುವಂಥವು. ಇವುಗಳಿಗೆ ಸ್ಕೀ ಆರಿಸುವಾಗಲೂ ಮೇಣ ಹಚ್ಚುವಾಗಲೂ ಕಾಲಲ್ಲಿ ಕಸುವಿರುವ ಮೊದಲ ಗಂಟೆಯನ್ನಲ್ಲ, ಕಸುವು ಬತ್ತಿದ ಕೊನೆಯ ಮೂವತ್ತು ಕಿಲೋಮೀಟರನ್ನು ಎದುರಿಗಿಟ್ಟುಕೊಂಡು ಲೆಕ್ಕ ಹಾಕಬೇಕು ಎಂಬುದು ನನ್ನ ವಾದ. ಅಂಗಡಿಯವರ ಪಟ್ಟಿ, ಗೆಳೆಯರ ಸಲಹೆ, ನಮ್ಮದೇ ಹಟ, ಮೂರೂ ಇದಕ್ಕೆ ತಿರುಗುಮುರುಗಾಗಿ ಎಳೆಯುತ್ತವೆ.

ಕ್ಲಾಸಿಕ್ ಸ್ಕೀ ನೆಲದ ಮೇಲಿಟ್ಟರೆ ನಡುಭಾಗ ಬಿಲ್ಲಿನಂತೆ ಮೇಲೆದ್ದಿರುತ್ತದೆ. ಎರಡೂ ಕಾಲಿನ ಮೇಲೆ ಸಮನಾಗಿ ನಿಂತು ಜಾರುವಾಗ ಆ ನಡುಭಾಗ ಹಿಮಕ್ಕೆ ತಾಗಕೂಡದು. ಒಂದೇ ಕಾಲಿಗೆ ಭಾರ ಹಾಕಿ ಒದ್ದಾಗ ಅದು ಪೂರ್ತಿ ಒತ್ತಿ ಹಿಮವನ್ನು ಕಚ್ಚಬೇಕು. ಕಚ್ಚುವ ಮೇಣ ಹಚ್ಚುವುದು ಈ ನಡುಭಾಗಕ್ಕೆ ಮಾತ್ರ. ಮುಂದೆ ಹಿಂದೆ ಹಚ್ಚುವುದು ಜಾರುವ ಮೇಣ. ಹಾಗಾಗಿ ಸ್ಕೀ ಎಷ್ಟು ಗಟ್ಟಿ ಎನ್ನುವುದೇ ಎಲ್ಲಕ್ಕಿಂತ ಮುಖ್ಯ, ಗಟ್ಟಿತನವನ್ನು ತೀರ್ಮಾನಿಸುವುದು ದೇಹದ ತೂಕ. ಎತ್ತರ ನೋಡಿಯೇ ಜೋಡಿ ಕೈಗಿಡುವ ಮಾರಾಟಗಾರರಿದ್ದಾರೆ. ಅಂಥವರ ಮಾತಿಗೆ ತಲೆಯಾಡಿಸಿ ಹೊರಬಿದ್ದರೆ ಮುಂದಿನದೆಲ್ಲ ದೈವಚಿತ್ತ. ಎತ್ತರ ಹೇಳುವುದು ಉದ್ದದ ಅಂದಾಜನ್ನಷ್ಟೇ. ಸಮತಟ್ಟಾದ ನೆಲದ ಮೇಲೆ ಜೋಡಿ ಸ್ಕೀ ಇಟ್ಟು, ಅದರ ಮೇಲೆ ನಿಂತು, ಪಾದದ ಕೆಳಗೊಂದು ತೆಳು ಕಾಗದ ತೂರಿಸಿ ಹಿಂದೆ ಮುಂದೆ ಸರಿಸುವ ಹಳೆಯ ಪರೀಕ್ಷೆ ಇಂದಿಗೂ ಸುಳ್ಳಾಗಿಲ್ಲ. ಸಮಭಾರದಲ್ಲಿ ಕಾಗದ ಸಲೀಸಾಗಿ ಓಡಾಡಬೇಕು, ಒಂಟಿಕಾಲಲ್ಲಿ ನಿಂತಾಗ ಕಚ್ಚಿಕೊಳ್ಳಬೇಕು. ಪರೀಕ್ಷೆಗೆ ನಿಲ್ಲುವಾಗ ಬೂಟು, ದಪ್ಪ ಬಟ್ಟೆ, ನೀರು, ತಿನಿಸು ಎಲ್ಲ ಮೈಮೇಲಿರಲಿ. ಬಿರ್ಕೆಬೈನರ್ ಓಟದಲ್ಲಂತೂ ಕನಿಷ್ಠ 3.5 ಕೆ.ಜಿ. ತೂಕದ ಚೀಲ ಹೊರಬೇಕೆಂಬುದು ನಿಯಮ. ಅದನ್ನು ಮರೆತು ಬರಿಮೈ ತೂಕ ಹೇಳಿದವರಿಗೆ ಸ್ಕೀ ಮೆತ್ತಗಾಗಿ, ಜಾರುವಾಗಲೂ ಮೇಣ ಹಿಮಕ್ಕೆ ಉಜ್ಜುತ್ತದೆ.

ಇಷ್ಟೆಲ್ಲ ನೋಡಿ ಸರಿಯಾದ ಗಟ್ಟಿತನ ಗೊತ್ತುಮಾಡಿಕೊಂಡ ಮೇಲೆ ಅದಕ್ಕಿಂತ ಒಂದು ಮೆಟ್ಟಿಲು ಮೆತ್ತನೆಯದನ್ನೇ ತೆಗೆದುಕೊಳ್ಳಿ ಎನ್ನುತ್ತೇನೆ ನಾನು. ಅಂಗಡಿಯ ಮರದ ನೆಲದ ಮೇಲೆ ಒಂಟಿಕಾಲಲ್ಲಿ ನಿಲ್ಲುವುದೇ ಬೇರೆ, ಆರು ಗಂಟೆ ಹಿಮದಲ್ಲಿ ದುಡಿದ ಕಾಲಿನಿಂದ ಒದೆಯುವುದೇ ಬೇರೆ. ದಣಿದಾಗ ಒದೆತದ ಬಲ ಕುಗ್ಗುತ್ತದೆ, ಭಾರ ಪೂರ್ತಿ ಒಂದೇ ಸ್ಕೀಗೆ ಬೀಳುವುದಿಲ್ಲ, ಕ್ಷಣವೂ ತಪ್ಪುತ್ತದೆ. ಬೆಳಿಗ್ಗೆ ಹಿಮ ಮುಟ್ಟುತ್ತಿದ್ದ ಬಿಲ್ಲು ಮಧ್ಯಾಹ್ನ ಅರ್ಧಕ್ಕೇ ನಿಂತುಬಿಡುತ್ತದೆ. ಮೆತ್ತನೆಯ ಸ್ಕೀ ವೇಗ ತಿನ್ನುತ್ತದೆ, ಮೇಣವೂ ಬೇಗ ಸವೆಯುತ್ತದೆ ಎಂಬ ಆಕ್ಷೇಪ ನಿಜವೇ. ಆದರೆ ಆ ನಷ್ಟ ದಾರಿಯುದ್ದಕ್ಕೂ ಹಂಚಿಹೋಗುವ ಸಣ್ಣ ನಷ್ಟ. ಗಟ್ಟಿ ಸ್ಕೀಯ ನಷ್ಟ ಹಾಗಲ್ಲ. ಏರಿನಲ್ಲಿ ಒಮ್ಮೆ ಹಿಂದಕ್ಕೆ ಜಾರಿದರೆ ಮುಂದಿನ ಹೆಜ್ಜೆಯಲ್ಲಿ ಕಾಲು ಹೆದರುತ್ತದೆ, ಭಾರವೆಲ್ಲ ತೋಳಿಗೆ ಹೋಗುತ್ತದೆ, ತೋಳು ಸೋತ ಮೇಲೆ ಸ್ಕೀಯನ್ನು ಅಗಲಿಸಿ ಬಾತುಕೋಳಿಯ ಹಾಗೆ ಹತ್ತುವುದೊಂದೇ ಉಳಿಯುತ್ತದೆ.

ಇದು ಎಲ್ಲಿ ಆಗುತ್ತದೆ ಎಂಬುದನ್ನು ವಾಸಲೋಪೆಟ್ ದಾರಿಯೇ ತೋರಿಸುತ್ತದೆ. ಮಾರ್ಚ್ ಮೊದಲ ಭಾನುವಾರ ಬೆಳಿಗ್ಗೆ ಎಂಟಕ್ಕೆ ಸೇಲೆನ್ ಬಳಿ ಬಿಟ್ಟ ಕೂಡಲೇ, ಮೊದಲ ಮೂರು ಕಿ.ಮೀ.ಯಲ್ಲಿ ಸುಮಾರು 170 ಮೀಟರ್ ಏರು. ಸಾವಿರಾರು ಜನ ಒತ್ತೊತ್ತಾಗಿ ನಿಂತು ಹತ್ತುವ ಈ ಏರಿಗೇ ಎಲ್ಲರೂ ಹೆದರುವುದು. ಅಲ್ಲಿ ಕಾಲಲ್ಲಿ ಕಸುವಿರುತ್ತದೆ, ಎದುರಿನವನು ನಿಂತಾಗ ನಮಗೂ ಉಸಿರು ತೆಗೆಯಲು ಪುರಸೊತ್ತು. ಗಟ್ಟಿ ಸ್ಕೀಯೂ ಅಲ್ಲಿ ಮಾನ ಉಳಿಸುತ್ತದೆ. ಮಾನ ಕಳೆಯುವುದು 62ನೇ ಕಿ.ಮೀ.ಯ ಆಕ್ಸ್‌ಬರ್ಗ್ ಮತ್ತು 71ನೇ ಕಿ.ಮೀ.ಯ ಹೋಕ್‌ಬರ್ಗ್ ನಡುವಿನ ಏರು. ನಕ್ಷೆಯಲ್ಲಿ ಅದು ಕಣ್ಣಿಗೇ ಬೀಳದಷ್ಟು ಸಾಧು. ಅಷ್ಟರಲ್ಲಿ ಮಧ್ಯಾಹ್ನ ಕಳೆದಿರುತ್ತದೆ, ಬೆಳಿಗ್ಗೆ ಹಚ್ಚಿದ ಮೇಣ ಅರವತ್ತು ಕಿ.ಮೀ. ಉಜ್ಜಿ ತೆಳುವಾಗಿರುತ್ತದೆ, ಮುಂದೆ ಹೋದವರೆಲ್ಲ ತುಳಿದ ಜಾಡು ಕೆಲವೆಡೆ ಗಾಜಿನಷ್ಟು ನುಣ್ಣಗೆ, ಕೆಲವೆಡೆ ಸಕ್ಕರೆಯಷ್ಟು ಸಡಿಲ. ಒದೆತಕ್ಕೆ ಹಿಡಿತ ಸಿಗದು. ಜಾಡು ಬಿಟ್ಟು ಅಂಚಿನ ಒರಟು ಹಿಮಕ್ಕೆ ಹೋದರೆ ಎರಡು ಹೆಜ್ಜೆ ಕಚ್ಚಿ ಮೂರನೆಯದಕ್ಕೆ ಕೈಕೊಡುತ್ತದೆ. ಬೆವರಿದ ಮೈ ನಿಧಾನವಾದ ಕೂಡಲೇ ತಣ್ಣಗಾಗುತ್ತದೆ. ಒಂದೊಂದು ಠಾಣೆಗೂ ಬಾಗಿಲು ಮುಚ್ಚುವ ವೇಳೆ ಗೊತ್ತಾಗಿರುವುದರಿಂದ ಮನಸ್ಸು ದಾರಿಗಿಂತ ಗಡಿಯಾರವನ್ನೇ ನೋಡತೊಡಗುತ್ತದೆ, ಅವಸರದಲ್ಲಿ ಒದೆತ ಇನ್ನಷ್ಟು ಕೆಡುತ್ತದೆ. ಈ ಒಂಬತ್ತು ಕಿ.ಮೀ.ಗೆ ತಕ್ಕ ಸ್ಕೀ ಇದ್ದರೆ ಉಳಿದ ಎಂಬತ್ತೊಂದಕ್ಕೂ ಸಾಕಾಗುತ್ತದೆ, ಇದರ ತಿರುವು ನಿಜವಲ್ಲ. ಮಾರ್ಚಾಲೊಂಗಾ ಇನ್ನೂ ಕಠೋರ: ಎಪ್ಪತ್ತು ಕಿ.ಮೀ. ಮುಗಿಯುತ್ತ ಬಂತು ಅನ್ನುವಾಗ ಕವಲೇಸೆ ಊರಿಗೆ ಹತ್ತುವ ಕಡಿದಾದ ಏರನ್ನು ಎದುರಿಗಿಡುತ್ತದೆ.

ಮೇಣದ ವಿಷಯಕ್ಕೂ ಇದೇ ಲೆಕ್ಕ, ಆದರೆ ಇಲ್ಲೊಂದು ಮೋಸವಿದೆ. ಹಿಡಿತ ಹೆಚ್ಚು ಬೇಕು ಅಂದೊಡನೆ ಹೆಚ್ಚು ಮೆತ್ತನೆಯ ಮೇಣ ಹಚ್ಚುವುದು ಹೊಸಬರ ಸ್ವಭಾವ. ಡಬ್ಬಿಯ ಮೇಲಿನ ಬಣ್ಣಗಳು ಚಳಿಯ ಮೆಟ್ಟಿಲುಗಳು: ಹಸಿರು ತೀವ್ರ ಚಳಿಗೆ, ನೀಲಿ ಅದಕ್ಕಿಂತ ಕಡಿಮೆಗೆ, ನೇರಳೆ ಸೊನ್ನೆಯ ಆಸುಪಾಸಿಗೆ, ಕೆಂಪು ಒದ್ದೆ ಹಿಮಕ್ಕೆ, ಕರಗಿ ಮತ್ತೆ ಹೆಪ್ಪುಗಟ್ಟಿದ ಹಳೆಯ ಹಿಮಕ್ಕೆ ಟ್ಯೂಬಿನ ಅಂಟು, ಕ್ಲಿಸ್ಟರ್. ಹೊಸ ಹಿಮದ ಹರಳು ಚೂಪು, ಅದು ಗಟ್ಟಿ ಮೇಣಕ್ಕೂ ನೆಟ್ಟು ಹಿಡಿತ ಕೊಡುತ್ತದೆ. ಅದೇ ಹರಳು ಮೆತ್ತನೆಯ ಮೇಣಕ್ಕೆ ನೆಟ್ಟರೆ ಬಿಟ್ಟುಕೊಳ್ಳದೆ ಕೂತು ಅಡಿಯಲ್ಲಿ ಮಂಜುಗಡ್ಡೆ ಬೆಳೆಯುತ್ತದೆ. ಆಮೇಲೆ ಜಾರುವುದೂ ಇಲ್ಲ, ಕಚ್ಚುವುದೂ ಇಲ್ಲ. ಅಲ್ಲದೆ ಗಟ್ಟಿ ಮೇಣದ ಮೇಲೆ ಮೆತ್ತನೆಯದು ಕೂರುತ್ತದೆ, ಮೆತ್ತನೆಯದರ ಮೇಲೆ ಗಟ್ಟಿಯದು ಹರಡುವುದಿಲ್ಲ. ಆದ್ದರಿಂದ ಬೆಳಗಿನ ಚಳಿಯ ಬಣ್ಣದಿಂದ ಆರಂಭಿಸಿ, ಹಿಡಿತವನ್ನು ಪದರಗಳಿಂದ ಗಳಿಸಬೇಕು: ಅಡಿಗೆ ಇಸ್ತ್ರಿಯಿಂದ ಕರಗಿಸಿ ಕೂರಿಸಿದ ಬೈಂಡರ್, ಅದರ ಮೇಲೆ ತೆಳ್ಳಗೆ ಆರೇಳು ಪದರ, ಒಂದೊಂದನ್ನೂ ಕಾರ್ಕಿನಿಂದ ಉಜ್ಜಿ ನುಣುಪಾಗಿಸಿದ್ದು, ಪಾದದಡಿಯಲ್ಲಿ ಮಾತ್ರ ಕೊಂಚ ದಪ್ಪ. ಜೇಬಿನಲ್ಲಿ ಒಂದು ಮೆಟ್ಟಿಲು ಮೆತ್ತನೆಯ ಡಬ್ಬಿ, ಕಾರ್ಕು, ಕೆರೆಯುವ ಚೂರು. ಮೇಣ ಕಂಪನಿಗಳು ಓಟದ ಮುನ್ನಾದಿನ ಕೊಡುವ ಸಲಹೆ ಹವಾಮಾನಕ್ಕೆ ಸರಿಯಾದರೂ, ಹಿಂದಿನ ಫಲಿತಾಂಶವಿಲ್ಲದ ನಮ್ಮಂಥವರನ್ನು ನಿಲ್ಲಿಸುವುದು ಕೊನೆಯ ಗುಂಪಿನಲ್ಲಿ. ನಮಗೆ ಸಿಗುವ ಹಿಮ ಮುನ್ಸೂಚನೆಯ ಹಿಮವಲ್ಲ, ಸಾವಿರಾರು ಜನ ಉಜ್ಜಿಹೋದ ಹಿಮ. ಜಾರುವ ಮೇಣದ ಬಗ್ಗೆ ಒಂದೇ ಮಾತು: ಹಳೆಯ ಫ್ಲೋರಿನ್ ಮೇಣ ಯಾರು ಪುಕ್ಕಟೆ ಕೊಟ್ಟರೂ ಬೇಡ. 2023–24ರ ಋತುವಿನಿಂದ ಅಂತರರಾಷ್ಟ್ರೀಯ ಸ್ಕೀ ಒಕ್ಕೂಟ ಅದನ್ನು ತನ್ನ ಸ್ಪರ್ಧೆಗಳಲ್ಲಿ ನಿಷೇಧಿಸಿದೆ.

ಮುಂದಿನ ಸಾಲಿನವರು ಕಚ್ಚುವ ಮೇಣವನ್ನೇ ಹಚ್ಚದೆ ಬರಿ ಕೋಲು ಊರಿ ತೊಂಬತ್ತೂ ಕಿ.ಮೀ. ಹೋಗುತ್ತಾರಲ್ಲ ಎಂದು ಕೇಳುವವರಿದ್ದಾರೆ. ಹೋಗುತ್ತಾರೆ. 1922ರ ಮೊದಲ ವಾಸಲೋಪೆಟ್ ಗೆದ್ದ ಎರ್ನ್‌ಸ್ಟ್ ಆಲ್ಮ್‌ಗೆ ಏಳೂವರೆ ಗಂಟೆ ಹಿಡಿದಿತ್ತು, 2021ರಲ್ಲಿ ತೂರ್ ಆಸ್ಲೆ ಯೆರ್ಡಾಲೆನ್ 3 ಗಂಟೆ 28 ನಿಮಿಷದಲ್ಲಿ ಮುಗಿಸಿದರು. ಆ ತೋಳು ವರ್ಷಗಟ್ಟಲೆ ಕಟ್ಟಿದ್ದು. ಅವರು ಮುಗಿಸುವ ಹೊತ್ತಿಗೆ ನಾವಿನ್ನೂ ಅರ್ಧ ದಾರಿಯಲ್ಲಿರುತ್ತೇವೆ. ಮೇಣದ ಗೋಜೇ ಬೇಡ, ಅಡಿಯಲ್ಲಿ ಮೊಹೇರ್ ತುಪ್ಪಳದ ಪಟ್ಟಿಯಿರುವ ಸ್ಕೀ ಸಾಕು ಎನ್ನುವ ಆಕ್ಷೇಪಕ್ಕೆ ಹೆಚ್ಚು ತೂಕವಿದೆ. ಮೊದಲ ಓಟಕ್ಕೆ ಹೋಗುವವರಿಗೆ ಅದೇ ಒಳ್ಳೆಯದೆಂದು ನಾನೂ ಒಪ್ಪುತ್ತೇನೆ. ಆದರೆ ತುಪ್ಪಳವೂ ಬಿಲ್ಲಿನ ನಡುವೆಯೇ ಇರುವುದು. ಗಟ್ಟಿ ಸ್ಕೀಯಲ್ಲಿ ಅದೂ ಹಿಮ ಮುಟ್ಟದು, ಸೊನ್ನೆಯ ಹತ್ತಿರ ಹೊಸ ಹಿಮ ಬೀಳುವಾಗ ಅದಕ್ಕೂ ಗಡ್ಡೆ ಕಟ್ಟುತ್ತದೆ. ತೂಕದ ಲೆಕ್ಕ ಅಲ್ಲಿಯೂ ತಪ್ಪಿದ್ದಲ್ಲ.

ಕೊಡಗಿನ ತೆಕ್ಕಡ ಭವಾನಿ 2025ರಲ್ಲಿ ಚಿಲಿ ದೇಶದಲ್ಲಿ ಕಂಚು ಗೆದ್ದ ಮೇಲೆ, ಕನ್ನಡದವರಿಗೂ ಈ ಆಟ ದಕ್ಕುತ್ತದೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ. ಆದರೆ ಅವರು ಗೆದ್ದದ್ದು 5 ಕಿ.ಮೀ. ಫ್ರೀ ಶೈಲಿಯಲ್ಲಿ; ಆ ಶೈಲಿಗೆ ಕಚ್ಚುವ ಮೇಣವೇ ಬೇಕಿಲ್ಲ, ಹಾಗಾಗಿ ಆ ಸ್ಕೀ ನೋಡಿ ಕ್ಲಾಸಿಕ್ ಸ್ಕೀ ಕೊಳ್ಳಬಾರದು. ರಾಯದುರ್ಗ–ಬಳ್ಳಾರಿ ರಸ್ತೆಯಲ್ಲಿ ಗಾಲಿಯ ಸ್ಕೀ ಓಡಿಸಿದರೆ ತೋಳು, ಉಸಿರು ಎರಡೂ ಗಟ್ಟಿಯಾಗುತ್ತವೆ. ಕಣೇಕಲ್ಲು, ಬೊಮ್ಮನಹಾಳು ಕಡೆ ಹಗರಿಯ ಮರಳುದಿಬ್ಬ ಹತ್ತಿದರೆ ಕಾಲು ಗಟ್ಟಿಯಾಗುತ್ತದೆ. ಆದರೆ ಗಾಲಿಯ ಸ್ಕೀಯ ಚಕ್ರ ಹಿಂದಕ್ಕೆ ತಿರುಗದಂತೆ ಬಿಗಿದಿರುವುದರಿಂದ, ಒದೆತ ಎಷ್ಟು ಕೆಟ್ಟದಿದ್ದರೂ ಅದು ಕ್ಷಮಿಸುತ್ತದೆ. ಹಿಮ ಕ್ಷಮಿಸುವುದಿಲ್ಲ. ಆದ್ದರಿಂದ ಮಾರ್ಚ್ ಓಟಕ್ಕೆ ಹೆಸರು ಬರೆಸಿದವರು ಅಕ್ಟೋಬರಿನಲ್ಲೇ ಅಂಗಡಿಗೆ ಪತ್ರ ಬರೆಯಿರಿ. ಎತ್ತರಕ್ಕಿಂತ ಮೊದಲು ಹೊರೆಸಮೇತ ತೂಕ ತಿಳಿಸಿ, ಎಷ್ಟು ಗಂಟೆಯಲ್ಲಿ ಮುಗಿಸುವ ಅಂದಾಜು ಎನ್ನುವುದನ್ನೂ ಮುಚ್ಚಿಡದೆ ಹೇಳಿ, ಒಂದು ಮೆಟ್ಟಿಲು ಮೆತ್ತನೆಯ ಜೋಡಿಯನ್ನೇ ಕೇಳಿ. ಓಟಕ್ಕೆ ಎರಡು ದಿನ ಮೊದಲಾದರೂ ಅಲ್ಲಿಗೆ ಹೋಗಿ, ಆ ಸ್ಕೀಯನ್ನು ಬೆಳಿಗ್ಗೆಯಲ್ಲ, ಸಂಜೆ ದಣಿದ ಮೇಲೆ ಒಂದು ಏರಿನಲ್ಲಿ ಒದ್ದು ನೋಡಿ.