ಗುರುವಿಗೂ ಗುರು ಬೇಕು

ಹೆಲೆನ್ ಕೆಲ್ಲರಳ ಕಥೆಯನ್ನು ಕೇಳದ ವಿದ್ಯಾರ್ಥಿಗಳು ವಿರಳ. ಹತ್ತೊಂಬತ್ತು ತಿಂಗಳ ಕೂಸಾಗಿದ್ದಾಗ ಕಾಯಿಲೆಯೊಂದರಿಂದ ದೃಷ್ಟಿಯನ್ನೂ ಶ್ರವಣವನ್ನೂ ಕಳೆದುಕೊಂಡ ಆ ಬಾಲಿಕೆಯು ಮುಂದೆ ಪದವೀಧರೆಯೂ ಗ್ರಂಥಕರ್ತೆಯೂ ಆಗಿ, 1955ರಲ್ಲಿ ನಮ್ಮ ದೇಶಕ್ಕೂ ಬಂದು ಹೋದಳು. 1977ರಲ್ಲಿ ಮುಂಬಯಿಯಲ್ಲಿ ಕಿವುಡ ಮಕ್ಕಳಿಗಾಗಿಯೂ, ಕಣ್ಣು ಕಿವಿಗಳೆರಡೂ ಇಲ್ಲದ ಮಕ್ಕಳಿಗಾಗಿಯೂ ಸ್ಥಾಪಿತವಾದ ಸಂಸ್ಥೆಯೊಂದು ಆಕೆಯ ಹೆಸರನ್ನೇ ಹೊತ್ತಿದೆ. ಹೆಲೆನಳ ಅಧ್ಯಾಪಿಕೆ ಆನ್ ಸುಲಿವನ್ ಕೂಡ ಪ್ರಸಿದ್ಧಳೇ. ಆದರೆ ಆನಿಯೆಂದು ಆಪ್ತರು ಕರೆಯುತ್ತಿದ್ದ ಈ ಅಧ್ಯಾಪಿಕೆಯು ಒಬ್ಬಂಟಿಯಾಗಿ ಪವಾಡವನ್ನು ನಡೆಸಿದಳೆಂದು ವರ್ಣಿಸುವುದು ವಾಡಿಕೆಯಾಗಿದೆ. ಅದು ಅರ್ಧಸತ್ಯವೇ ಸರಿ. ಅನುಭವವಿಲ್ಲದ ಆ ತರುಣಿಗೆ ಯಾರು ಯಾರು ಒತ್ತಾಸೆಯಾಗಿ ನಿಂತರೆಂಬುದನ್ನು ಇಲ್ಲಿ ವಿಚಾರಿಸೋಣ.

ಆನಿಯು ಬಾಲ್ಯದಲ್ಲಿ ತಾನೇ ಬಹುಮಟ್ಟಿಗೆ ಕಣ್ಣು ಕಾಣದವಳಾಗಿದ್ದಳು. 1880ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ಅನಾಥಾಶ್ರಯದಿಂದ ಬಾಸ್ಟನ್ ನಗರದ ಪರ್ಕಿನ್ಸ್ ಅಂಧ ವಿದ್ಯಾಲಯವನ್ನು ಸೇರಿದಳು. ಶಸ್ತ್ರಚಿಕಿತ್ಸೆಗಳಿಂದ ದೃಷ್ಟಿಯು ಸ್ವಲ್ಪಮಟ್ಟಿಗೆ ಮರಳಿತು. 1886ರಲ್ಲಿ ವ್ಯಾಸಂಗ ಮುಗಿಯುತ್ತಿದ್ದಂತೆಯೇ ಅಲಬಾಮಾ ಪ್ರಾಂತದಿಂದ ಹೆಲೆನಳ ತಂದೆಯ ಪತ್ರ ಬಂದಿತು. ವಿದ್ಯಾಲಯದ ನಿರ್ದೇಶಕನಾದ ಅನಾಗ್ನೋಸನು ಆನಿಯನ್ನು ಆರಿಸಿದನು. ಕಲಿಸುವ ಕಲೆಯಲ್ಲಿ ಆಕೆಗೆ ಯಾವ ತರಬೇತಿಯೂ ಇರಲಿಲ್ಲ.

ಆಗ ಆಕೆ ಮಾಡಿದ ಮೊದಲನೆಯ ಕೆಲಸವೆಂದರೆ ಹಳೆಯ ವರದಿಗಳನ್ನು ಕೂತು ಓದಿದ್ದು. ಕಣ್ಣು ಕಿವಿಗಳೆರಡೂ ಇಲ್ಲದ ಲಾರಾ ಬ್ರಿಜ್‌ಮನ್ ಎಂಬ ಏಳು ವರ್ಷದ ಬಾಲಿಕೆಗೆ 1837ರಿಂದ ಅದೇ ವಿದ್ಯಾಲಯದಲ್ಲಿ ಡಾಕ್ಟರ್ ಹೋವ್ ಎಂಬಾತನು ಭಾಷೆಯನ್ನು ಕಲಿಸಿದ್ದನು. ಚಮಚ, ಬೀಗದ ಕೈ ಮುಂತಾದ ವಸ್ತುಗಳ ಮೇಲೆ ಉಬ್ಬಕ್ಷರದ ಚೀಟಿಗಳನ್ನು ಅಂಟಿಸಿ, ಬೆರಳಿನಿಂದ ಅವನ್ನು ಸವರಿಸುವುದು ಆತನ ಕ್ರಮದ ಆರಂಭ. ಹೋವ್ 1876ರಲ್ಲಿಯೇ ತೀರಿಕೊಂಡಿದ್ದನು. ಆದರೆ ಆತನು ಬರೆದಿಟ್ಟುದು ಉಳಿದಿತ್ತು. ಲಾರಾಳೂ ವಿದ್ಯಾಲಯದಲ್ಲಿಯೇ ವಾಸವಾಗಿದ್ದಳು. ಆಕೆಯೊಡನೆ ಮಾತನಾಡಲೆಂದೇ ಆನಿಯು ಬೆರಳಕ್ಷರವನ್ನು ಕಲಿತಿದ್ದಳು. ಬೆರಳಕ್ಷರವೆಂದರೆ ಒಂದೊಂದು ಅಕ್ಷರಕ್ಕೂ ಬೆರಳುಗಳ ಒಂದೊಂದು ಮುದ್ರೆ. ಅದನ್ನು ಕೇಳುವವರ ಅಂಗೈಯೊಳಗೆ ಮೂಡಿಸಬೇಕು.

1887ರ ಮಾರ್ಚ್ 3ರಂದು ಟಸ್ಕಂಬಿಯಾ ಊರಿನಲ್ಲಿ ಇಳಿದಾಗ ಆನಿಗೆ ಇಪ್ಪತ್ತೇ ವರ್ಷ. ಶಿಷ್ಯೆಯಾದರೋ ಊಟದ ವೇಳೆ ಎಲ್ಲರ ತಟ್ಟೆಗೂ ಕೈಹಾಕುವ, ತಡೆದರೆ ಹೊಡೆಯುವ ಹಟಮಾರಿ. ಮನೆಯವರು ಕನಿಕರದಿಂದ ಮಗುವಿನ ಇಷ್ಟಕ್ಕೇ ಬಿಟ್ಟಿದ್ದರು. ಆನಿಯು ಮಗುವಿನೊಡನೆ ಕೆಲವು ದಿನ ತೋಟದ ಮನೆಯಲ್ಲಿ ಬೇರೆಯಾಗಿಯೇ ವಾಸಿಸಬೇಕಾಯಿತು. ತನ್ನ ಕಸುಬನ್ನು ಬಲ್ಲವರು ಆ ಊರಿನಲ್ಲಿ ಒಬ್ಬರೂ ಇಲ್ಲ! ಆದುದರಿಂದ ಆಕೆ ಪರ್ಕಿನ್ಸಿನ ಗೃಹಮಾತೆಯಾದ ಸೋಫಿಯಾ ಹಾಪ್ಕಿನ್ಸ್ ಎಂಬಾಕೆಗೆ ಪತ್ರಗಳನ್ನು ಬರೆಯತೊಡಗಿದಳು. ಈ ದಿನ ಏನನ್ನು ಮಾಡಿದೆ, ಯಾವುದು ಕೆಟ್ಟಿತು, ಮುಂದೇನು ಮಾಡಬೇಕೆಂದಿದ್ದೇನೆ ಎಂಬುದೆಲ್ಲವೂ ಅವುಗಳಲ್ಲಿದೆ. ಲೋಟಕ್ಕೂ ಅದರೊಳಗಿನ ಹಾಲಿಗೂ ಇರುವ ಭೇದವು ಹೆಲೆನಳಿಗೆ ತಿಳಿಯದೆ ಇದ್ದುದು, ಏಪ್ರಿಲ್ 5ರಂದು ನೀರಿನ ಪಂಪಿನ ಬಳಿ ಆ ತೊಡಕು ಬಿಡಿಸಿದ್ದು, ಎಲ್ಲವೂ ಪತ್ರಗಳಲ್ಲಿ ದಾಖಲಾಗಿವೆ.

ಕೆಲವೇ ದಿನಗಳಲ್ಲಿ ಆನಿಯು ನಿಗದಿಯಾದ ಪಾಠಗಳನ್ನೇ ಕೈಬಿಟ್ಟಳು. ಮನೆಯಲ್ಲಿದ್ದ ಹದಿನೈದು ತಿಂಗಳ ಕೂಸೊಂದು ಕೇಳಿ ಕೇಳಿಯೇ ಮಾತನ್ನು ಗ್ರಹಿಸುವುದನ್ನು ಕಂಡು, ಹೆಲೆನಳ ಅಂಗೈಯೊಳಗೂ ಹಾಗೆಯೇ ಪೂರ್ಣ ವಾಕ್ಯಗಳನ್ನು ಹರಿಯಬಿಟ್ಟಳು. ಹೋವ್‌ನ ದಾರಿಯನ್ನು ಬಲ್ಲವಳಾದುದರಿಂದಲೇ, ಅದನ್ನು ಎಲ್ಲಿ ಬಿಡಬೇಕೆಂಬುದೂ ಆಕೆಗೆ ಹೊಳೆಯಿತೆಂದು ನನಗೆ ತೋರುತ್ತದೆ.

ಆ ಮೇ ತಿಂಗಳಿನ ಪತ್ರವೊಂದರಲ್ಲಿ ಆಕೆ, ತನ್ನ ಮನಸ್ಸಿಗೆ ಶಿಸ್ತಿಲ್ಲವೆಂದೂ, ಹೆಲೆನಳಿಗೆ ಬೇಕಾದಷ್ಟೇ ತನಗೂ ಗುರು ಬೇಕೆಂದೂ ಬರೆದುಕೊಂಡಿದ್ದಾಳೆ. ಪೆರೆ ಮತ್ತು ಸಲ್ಲಿ ಎಂಬ ವಿದ್ವಾಂಸರ ಮನಶ್ಶಾಸ್ತ್ರದ ಗ್ರಂಥಗಳನ್ನು ಅನಾಗ್ನೋಸನಿಂದ ತರಿಸಿಕೊಡಬೇಕೆಂದೂ ಕೇಳಿದ್ದಾಳೆ. ಪಂಪಿನ ಪ್ರಸಂಗವನ್ನು ನಾಟಕವಾಡಿ ತೋರಿಸುವ ಶಾಲೆಗಳು ಈ ಪತ್ರವನ್ನೂ ಓದಿಸಿದರೆ ಒಳಿತು. ಹೊಗಳಿಕೆಯೂ ಆಕೆಗೆ ಹೇರಳವಾಗಿ ದೊರೆಯಿತು. ಆದರೆ ಪತ್ರಿಕೆಗಳ ಉತ್ಪ್ರೇಕ್ಷೆಯಿಂದ ಆಕೆಗೆ ಬೇಸರವೇ ಉಂಟಾಯಿತು. ಚಪ್ಪಾಳೆಯಿಂದ ನಾಳಿನ ಪಾಠ ಸಿದ್ಧವಾಗುವುದಿಲ್ಲವಷ್ಟೆ.

ನಮ್ಮ ದೇಶದಲ್ಲಿ 1992ರ ಶಾಸನದಿಂದ ಭಾರತೀಯ ಪುನರ್ವಸತಿ ಪರಿಷತ್ತಿಗೆ ಕಾನೂನಿನ ಬಲ ಬಂದು, ವಿಶೇಷ ಶಿಕ್ಷಕರ ತರಬೇತಿಗೂ ನೋಂದಣಿಗೂ ಒಂದು ಕ್ರಮವೇರ್ಪಟ್ಟಿತು. 2016ರ ವಿಕಲಚೇತನರ ಹಕ್ಕುಗಳ ಕಾಯಿದೆಯು ಎಲ್ಲ ಮಕ್ಕಳೂ ಒಂದೇ ಶಾಲೆಯಲ್ಲಿ ಕಲಿಯುವ ಏರ್ಪಾಡಿಗೆ ಒತ್ತು ನೀಡಿದೆ. ಆದರೆ ಇಡೀ ಶಾಲೆಗೆ ಒಬ್ಬಳೇ ವಿಶೇಷ ಶಿಕ್ಷಕಿಯಿದ್ದಲ್ಲಿ, ಪ್ರಮಾಣಪತ್ರ ಕೈಯಲ್ಲಿದ್ದರೂ ಆಕೆಯ ಸ್ಥಿತಿ ಟಸ್ಕಂಬಿಯಾದ ಆನಿಯದೇ ಆಗಿರುತ್ತದೆ. ಆಕೆಯ ಶಿಷ್ಯನು ಒಂದು ಗುಂಡಿಯನ್ನು ತಾನೇ ಹಾಕಿಕೊಳ್ಳಲು ಮೂರು ತಿಂಗಳು ಹಿಡಿಯಬಹುದು; ಅದು ಎಷ್ಟು ದೊಡ್ಡ ಗೆಲುವೆಂಬುದು ಗಣಿತದ ಮೇಷ್ಟರಿಗೆ ತಿಳಿಯಲಾರದು. ಅದೇ ಕೆಲಸದಲ್ಲಿ ಪಳಗಿದ ಹಿರಿಯರೊಬ್ಬರು ಆಗಾಗ ತರಗತಿಗೆ ಬಂದು ಕುಳಿತು, ಆಕೆಯ ದಿನಚರಿಯನ್ನು ಓದಿ, ಹೀಗೂ ಮಾಡಿ ನೋಡು ಎಂದು ಹೇಳುವಂತಿರಬೇಕು. ಮುಖ್ಯೋಪಾಧ್ಯಾಯರು ಅದಕ್ಕೆ ವೇಳಾಪಟ್ಟಿಯಲ್ಲಿಯೇ ಸಮಯವನ್ನು ಒದಗಿಸಬೇಕು.

ಅಂಥ ಹಿರಿಯರೊಬ್ಬರು 1890ರಲ್ಲಿ ಆನಿಗೆ ದೊರೆತರು. ಹೆಲೆನಳು ಬಾಯಿಂದ ಮಾತನಾಡಲೇಬೇಕೆಂದು ಹಟ ಹಿಡಿದಳು. ಅದು ಆನಿಗೆ ಬಾರದ ವಿದ್ಯೆ. ಆಕೆ ಶಿಷ್ಯೆಯನ್ನು ಬಾಸ್ಟನ್ನಿನ ಹೊರೇಸ್ ಮ್ಯಾನ್ ಕಿವುಡರ ಶಾಲೆಯ ಮುಖ್ಯೋಪಾಧ್ಯಾಯಿನಿ ಸಾರಾ ಫುಲ್ಲರಳ ಬಳಿಗೆ ಕರೆದೊಯ್ದಳು. ಫುಲ್ಲರಳು ಹೆಲೆನಳ ಕೈಯನ್ನು ತನ್ನ ಮುಖದ ಮೇಲಿರಿಸಿ, ಧ್ವನಿ ಹೊರಡುವಾಗ ನಾಲಗೆ ತುಟಿಗಳು ಇರುವ ಬಗೆಯನ್ನು ಮುಟ್ಟಿಸಿ ತೋರಿಸಿದಳು. ಮಾರ್ಚ್ 26ರಿಂದ ಹನ್ನೊಂದು ಪಾಠಗಳು ನಡೆದುವು. ಮುಂದಿನ ಅಭ್ಯಾಸವನ್ನು, ಒಂದೊಂದು ಶಬ್ದವನ್ನೂ ಮತ್ತೆ ಮತ್ತೆ ತಿದ್ದುತ್ತ, ಆನಿಯೇ ನಡೆಸಿದಳು.