ಗುಳಿಗಿ ಎಷ್ಟ ದಿನ ನುಂಗಬೇಕ್ರಿ, ಅಕ್ಕಾರ?

ರಾಯಚೂರಿನಿಂದ ಒಂದು ವಾರ ಮಾನ್ವಿ, ಒಂದು ವಾರ ದೇವದುರ್ಗ ಎಂದು ತಿರುಗುವ ಮಾನಸಿಕ ಆರೋಗ್ಯ ತಂಡದಲ್ಲಿ ನಾನು ನರ್ಸ್. ಪಕ್ಕದ ಬಳ್ಳಾರಿ ಜಿಲ್ಲೆಯಲ್ಲಿ ನಿಮ್ಹಾನ್ಸ್‌ನವರು ಎಂಬತ್ತರ ದಶಕದಲ್ಲಿ ನಡೆಸಿ ನೋಡಿದ ಮಾದರಿಯೇ 1996ರಲ್ಲಿ ಇಡೀ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮವಾಯಿತು. ಕಾಯಿಲೆ ಗುರುತಿಸುವುದು, ಗುಳಿಗೆ ಬರೆಯುವುದು ಡಾಕ್ಟರ ಕೆಲಸ. ಆ ಗುಳಿಗೆ ಮನೆ ಸೇರಿದ ಮೇಲೆ ಏನಾಗುತ್ತದೆ ಎಂದು ನೋಡುವುದು ನನ್ನ ಪಾಲಿನದು. ಬಿಸಿಲು, ಗುಳೆ, ಸೇಂದಿ, ಗುಡಿ, ಬಸ್ಸು, ಇವನ್ನು ಲೆಕ್ಕಕ್ಕೆ ಹಿಡಿಯದೆ ಬರೆದ ಚೀಟಿ ನಮ್ಮ ಕಡೆ ನಡೆಯುವುದಿಲ್ಲ.

1. ಮೊದಲ ಹದಿನೈದು ದಿನದ ಸಂಗತಿಯನ್ನು ಗುಳಿಗೆ ಕೊಡುವಾಗಲೇ ಹೇಳಬೇಕು

ಖಿನ್ನತೆಯ ಗುಳಿಗೆ ಶುರು ಮಾಡಿದವರಿಗೆ ವಾಕರಿಕೆ, ಹೊಟ್ಟೆ ತೊಳಸುವುದು, ತಲೆಭಾರ ಮೊದಲ ವಾರವೇ ಬರುತ್ತವೆ. ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕು. ಜ್ವರದ ಗುಳಿಗೆ ನುಂಗಿ ಸಂಜೆಗೇ ಹೊಲಕ್ಕೆ ಹೋಗಿ ರೂಢಿಯಿರುವ ಜನಕ್ಕೆ ಇದು ಮೋಸದ ವ್ಯಾಪಾರದಂತೆ ಕಾಣುತ್ತದೆ. “ನಾಕ ದಿನ ತಗೊಂಡ್ನಿರಿ ಅಕ್ಕಾರ, ಬರೇ ವಾಂತಿ ಬಂದಂಗ ಆಗಾಕತ್ತು, ಬಿಟ್ಟಬಿಟ್ಟೀನಿ” ಎಂಬುದು ವಾರಕ್ಕೊಮ್ಮೆಯಾದರೂ ಕೇಳುವ ಮಾತು. ಊಟದ ನಂತರ ತಗೊಳ್ಳಿ, ವಾರದೊಳಗೆ ವಾಕರಿಕೆ ಇಳಿಯುತ್ತದೆ, ನಿದ್ದೆ ಹಸಿವು ಮೊದಲು ಸುಧಾರಿಸುತ್ತವೆ, ಮನಸ್ಸಿನ ಭಾರ ಆಮೇಲೆ ಇಳಿಯುತ್ತದೆ ಎಂದು ಮೊದಲೇ ಹೇಳಿದರೆ ತಾಳಿಕೊಳ್ಳುತ್ತಾರೆ. ಇನ್ನು ಎಷ್ಟು ದಿನ ಎಂಬ ಪ್ರಶ್ನೆ. ಮೊದಲ ಸಲದ ಖಿನ್ನತೆಯಾದರೆ ಆರಾಮಾದ ಮೇಲೂ ಆರರಿಂದ ಒಂಬತ್ತು ತಿಂಗಳು. ಎಣಿಕೆ ಶುರುವಾಗುವುದು ಹಗುರಾದ ದಿನದಿಂದ. ಬಿಡುವಾಗಲೂ ಡಾಕ್ಟರು ಹೇಳಿದಂತೆ ಇಳಿಸುತ್ತಾ ಬಿಡಬೇಕು.

2. ಕುತ್ತಿಗೆ ತಿರುಚಿದರೆ ಅದು ಗುಳಿಗೆಯ ಕೆಲಸ

ಭ್ರಮೆ, ಉನ್ಮಾದಕ್ಕೆ ಕೊಡುವ ಹ್ಯಾಲೊಪೆರಿಡಾಲ್, ರಿಸ್ಪೆರಿಡೋನ್‌ನಂಥ ಗುಳಿಗೆ ಶುರು ಮಾಡಿದ ಮೊದಲ ಕೆಲವು ದಿನಗಳಲ್ಲಿ, ಅದರಲ್ಲೂ ಹರೆಯದ ಹುಡುಗರಿಗೆ, ಕುತ್ತಿಗೆ ಒಂದು ಕಡೆ ಸೆಟೆದು ತಿರುಗಬಹುದು, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಳ್ಳಬಹುದು, ದವಡೆ ಹಿಡಿಯಬಹುದು. ನೋಡಿದವರು ಬೆಚ್ಚಿಬೀಳುತ್ತಾರೆ. ಗಾಳಿ ಸೋಕಿದೆ ಎಂಬ ಅನುಮಾನ ಮೊದಲೇ ಇದ್ದ ಮನೆಯಲ್ಲಿ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಒಂದು ಇಂಜೆಕ್ಷನ್‌ಗೆ ಸಾಮಾನ್ಯವಾಗಿ ಅರ್ಧ ಗಂಟೆಯೊಳಗೆ ಇಳಿಯುವ ತೊಂದರೆ ಇದು ಎಂಬುದು ಅವರಿಗೆ ಗೊತ್ತಿರುವುದಿಲ್ಲ. ಹಾಗಾಗಿ ಚೀಟಿ ಕೊಡುವ ಹೊತ್ತಿಗೇ ನನ್ನ ಕುತ್ತಿಗೆಯನ್ನೇ ಓರೆ ಮಾಡಿ ತೋರಿಸುತ್ತೇನೆ. ಸಾಲಿನಲ್ಲಿ ನಿಂತವರು ನಗುತ್ತಾರೆ, ನಗಲಿ. ಜೊತೆಗೆ ಕೊಡುವ ಟ್ರೈಹೆಕ್ಸಿಫೆನಿಡಿಲ್ ಎಂಬ ಸಣ್ಣ ಗುಳಿಗೆ ಇದನ್ನು ತಡೆಯಲಿಕ್ಕೇ ಇದೆ. ‘ಇದು ಸಣ್ಣದು, ಬಿಟ್ಟರೂ ನಡೀತದ’ ಎಂದು ಮೊದಲು ಕೈಬಿಡುವುದು ಅದನ್ನೇ.

3. ಗಾಣಗಾಪುರಕ್ಕೆ ಹೋಗಬೇಡಿ ಎಂದರೆ ಮತ್ತೆ ಬರುವುದಿಲ್ಲ

ಮಧ್ಯಾಹ್ನದ ಮಹಾಮಂಗಳಾರತಿಗೆ ದೇವಲ ಗಾಣಗಾಪುರದಲ್ಲಿ ನಿಲ್ಲಿಸಿ ಬಂದೆವು ಎನ್ನುವವರು, ದರ್ಗಾದಲ್ಲಿ ತಾಯತ ಕಟ್ಟಿಸಿಕೊಂಡವರು, ಮಂತ್ರಾಲಯದಲ್ಲಿ ಸೇವೆ ಮಾಡಿದವರು, ಎಲ್ಲರೂ ನಮ್ಮಲ್ಲಿಗೆ ಬರುತ್ತಾರೆ. ಹೋಗಿ ಬರ್ರಿ, ಗುಳಿಗೆ ಡಬ್ಬಿ ಚೀಲದಲ್ಲಿ ಇಟ್ಟುಕೊಳ್ರಿ ಅನ್ನುತ್ತೇನೆ. ಗುಜರಾತಿನ ಮೀರಾ ದಾತಾರ್ ದರ್ಗಾದಲ್ಲಿ ‘ದವಾ–ದುವಾ’ ಎಂದು ಹರಕೆಯನ್ನೂ ಔಷಧಿಯನ್ನೂ ಒಂದೇ ಅಂಗಳದಲ್ಲಿ ಕೊಟ್ಟು ತೋರಿಸಿದ್ದಾರೆ. ನಾನು ಖಡಾಖಂಡಿತ ಬೇಡವೆನ್ನುವುದು ಸರಪಳಿಗೆ ಮಾತ್ರ. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ ಕಟ್ಟಿಹಾಕಿದ್ದವರು ಎದ್ದು ಓಡಲಾಗದೆ 28 ಜನ ಸತ್ತರು. 2017ರ ಮಾನಸಿಕ ಆರೋಗ್ಯ ಕಾಯ್ದೆಯ 95ನೇ ಕಲಂ ಯಾವ ರೂಪದಲ್ಲೂ ಸರಪಳಿ ಹಾಕುವುದನ್ನು ನಿಷೇಧಿಸಿದೆ.

4. ಲಿಥಿಯಂ ತಗೊಳ್ಳುವವರಿಗೆ ನಮ್ಮ ಬೇಸಿಗೆಯ ಪಾಠ ಬೇರೆ

ಒಮ್ಮೆ ಅತಿ ಉತ್ಸಾಹ, ಒಮ್ಮೆ ಕುಸಿತ ಎಂದು ಏರಿಳಿಯುವ ಕಾಯಿಲೆಗೆ ಲಿಥಿಯಂ ಹಳೆಯ, ಒಳ್ಳೆಯ ಔಷಧಿ. ಆದರೆ ಗುಣ ಕೊಡುವ ಪ್ರಮಾಣಕ್ಕೂ ವಿಷವಾಗುವ ಪ್ರಮಾಣಕ್ಕೂ ಅಂತರ ಕಡಿಮೆ. ರಕ್ತದಲ್ಲಿ ಲೀಟರಿಗೆ 0.6ರಿಂದ 1.0 ಮಿಲಿಮೋಲ್ ಇದ್ದರೆ ಸರಿ, 1.5ರ ಹತ್ತಿರ ಹೋದರೆ ಅಪಾಯ. ಲಿಥಿಯಂ ಹೊರಹೋಗುವುದು ಮೂತ್ರದಲ್ಲಿ. ಮೈಯ ನೀರು, ಉಪ್ಪು ಬೆವರಿ ಹೋದಾಗ ಮೂತ್ರಪಿಂಡ ಅದನ್ನು ಒಳಗೇ ಹಿಡಿದಿಟ್ಟುಕೊಳ್ಳುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲು 40 ಡಿಗ್ರಿ ದಾಟಿರುತ್ತದೆ. ಉದ್ಯೋಗ ಖಾತ್ರಿಯ ಮಣ್ಣಿನ ಕೆಲಸ ಜೋರಾಗಿರುವುದೂ ಆಗಲೇ. ಸಂಜೆ ಮೈಕೈ ನೋವೆಂದು ಕಿರಾಣಿ ಅಂಗಡಿಯಲ್ಲಿ ಒಂದು ನೋವಿನ ಗುಳಿಗೆ ಕೊಂಡು ನುಂಗುತ್ತಾರೆ. ಡೈಕ್ಲೋಫಿನ್ಯಾಕ್, ಐಬುಪ್ರೊಫೇನ್ ಎರಡೂ ಲಿಥಿಯಂ ಮಟ್ಟವನ್ನು ಏರಿಸುತ್ತವೆ. ಬೆವರು, ಮಣ್ಣು ಹೊರುವ ಕೆಲಸ, ನೋವಿನ ಗುಳಿಗೆ ಮೂರೂ ಒಂದೇ ದಿನ ಕೂಡಿದರೆ ಕೈ ಜೋರಾಗಿ ನಡುಗುತ್ತದೆ, ವಾಂತಿ ಭೇದಿ ಆಗುತ್ತದೆ, ಕುಡಿದವರ ಹಾಗೆ ತೂರಾಡುತ್ತಾರೆ. ಬಿಸಿಲು ಬಡಿದಿದೆ ಎಂದು ಮನೆಯಲ್ಲೇ ಮಲಗಿಸಿದರೆ ಜೀವಕ್ಕೇ ಕುತ್ತು.

ಆದ್ದರಿಂದ ಯುಗಾದಿಗೆ ಮುಂಚೆಯೇ ಒಂದು ರಕ್ತಪರೀಕ್ಷೆ ಮಾಡಿಸುತ್ತೇವೆ, ಕೊನೆಯ ಗುಳಿಗೆ ನುಂಗಿ 12 ತಾಸಾದ ಮೇಲೆ. ಅಂಬಲಿ, ಮಜ್ಜಿಗೆ ಬಿಡಬೇಡಿ. ಬಿಪಿ ಇದೆ ಎಂದು ಉಪ್ಪನ್ನು ಒಮ್ಮೆಲೇ ನಿಲ್ಲಿಸಬೇಡಿ. ನೋವಿಗೆ ಪ್ಯಾರಸಿಟಮಾಲ್ ಸಾಕು. ವಾಂತಿ ಭೇದಿ ಹಿಡಿದರೆ ಲಿಥಿಯಂ ನುಂಗುವ ಮೊದಲು ಆಸ್ಪತ್ರೆಗೆ ಬನ್ನಿ. ರಂಜಾನ್ ಉಪವಾಸ ಹಿಡಿಯುವವರು ತಿಂಗಳ ಮೊದಲೇ ಡಾಕ್ಟರನ್ನು ಕಂಡು ಹೊತ್ತು ಬದಲಿಸಿಕೊಳ್ಳಬೇಕು. ಮೇಲೆ ಹೇಳಿದ ಟ್ರೈಹೆಕ್ಸಿಫೆನಿಡಿಲ್ ಬೆವರನ್ನೇ ಕಡಿಮೆ ಮಾಡುತ್ತದೆ, ಅದನ್ನು ತಗೊಳ್ಳುವವರೂ ನಡುಹಗಲು ಹೊಲದಲ್ಲಿ ಇರಬಾರದು.

5. “ಯಾವತ್ತಿನಿಂದ ಕುಡಿದಿಲ್ಲ?”

ಒಮ್ಮಿಂದೊಮ್ಮೆಲೇ ತಲೆಕೆಟ್ಟವರಂತೆ ಆಡುತ್ತಾನೆ ಎಂದು ಕರೆತಂದರೆ ನಾನು ಮೊದಲು ಕೇಳುವುದು ಇದನ್ನೇ. ನಮ್ಮ ಜಿಲ್ಲೆಯ ಸೇಂದಿ ಬಹುಪಾಲು ಈಚಲ ಮರದಿಂದ ಇಳಿದದ್ದಲ್ಲ. ಸಿ.ಎಚ್. ಪೌಡರ್, ಅಂದರೆ ಕ್ಲೋರಲ್ ಹೈಡ್ರೇಟ್, ನೀರಿಗೆ ಬೆರೆಸಿದ್ದು. ಕೆಲವು ಕಡೆ ಅಲ್ಪ್ರಜೋಲಾಂ. ದಾಳಿಯಾಗಿ ಸೇಂದಿ ಸಿಗದೇ ಹೋದ ಎರಡು ಮೂರು ದಿನಕ್ಕೆ ಕೈ ನಡುಕ, ನಿದ್ದೆಗೇಡು, ಇಲ್ಲದ್ದು ಕಾಣುವುದು, ಫಿಟ್ಸ್ ಶುರು. 2015ರಲ್ಲಿ ಗಡಿಯಾಚೆ ತೆಲಂಗಾಣದಲ್ಲಿ ಕಲಬೆರಕೆ ಕಳ್ಳು ತಡೆದಾಗ ಆಸ್ಪತ್ರೆಗಳು ಹೀಗೇ ತುಂಬಿದ್ದವು. ಇದು ವರ್ಷಗಟ್ಟಲೆ ಗುಳಿಗೆ ಬೇಡುವ ಕಾಯಿಲೆಯಲ್ಲ. ಆದರೆ ಮನೆಯಲ್ಲಿ ಕೂಡಿಹಾಕಿ ಬಿಡಿಸುವಂಥದ್ದೂ ಅಲ್ಲ, ದಾಖಲು ಮಾಡಿ ಹಂತಹಂತವಾಗಿ ಇಳಿಸಬೇಕು.

ಮೆಡಿಕಲ್ ಅಂಗಡಿಯ ‘ನಿದ್ದಿ ಗುಳಿಗಿ’ಯೂ ಇದೇ ದಾರಿಯದು. ಅಲ್ಪ್ರಜೋಲಾಂ ಎಚ್–1 ಪಟ್ಟಿಯಲ್ಲಿದೆ. ಚೀಟಿಯಿಲ್ಲದೆ ಮಾರುವಂತಿಲ್ಲ, ಕೊಂಡವರ ಹೆಸರನ್ನು ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. ಪಟ್ಟಿಯೇನೋ ಇದೆ. ವರ್ಷಗಳಿಂದ ದಿನಕ್ಕೊಂದು ನುಂಗುತ್ತಿರುವ ಹೆಂಗಸರೂ ಸಿಗುತ್ತಾರೆ. ಅವರಿಗೆ ಇವತ್ತೇ ಬಿಡಿ ಎನ್ನುವುದು ತಪ್ಪು, ಅದನ್ನೂ ಇಳಿಸುತ್ತಾ ಬರಬೇಕು.

6. ಗುಳಿಗೆ ಒಯ್ಯಲು ಬಂದವಳನ್ನೂ ಮಾತಾಡಿಸಬೇಕು

2023ರ ಜೂನ್‌ನಲ್ಲಿ ಹೆಂಗಸರಿಗೆ ಉಚಿತ ಬಸ್ಸಿನ ಶಕ್ತಿ ಯೋಜನೆ ಬಂದ ಮೇಲೆ ತಾಯಿ, ಹೆಂಡತಿ, ಅಕ್ಕಂದಿರು ಟಿಕೆಟ್ ಹಣದ ಚಿಂತೆಯಿಲ್ಲದೆ ಬರುತ್ತಾರೆ. ಗುಳಿಗೆ ತಪ್ಪುವುದು ಕಡಿಮೆಯಾಗಿದೆ. ಕಾಯಿಲೆಯ ಗಂಡಸು ಮಾತ್ರ ಮನೆಯಲ್ಲೇ ಉಳಿಯುತ್ತಾನೆ. ಮೂರನೇ ಸಲವಾದರೂ ಅವನೇ ಬರಬೇಕು ಎಂದು ಪಟ್ಟು ಹಿಡಿಯುತ್ತೇವೆ. ಬಂದವಳಿಗೆ “ಯವ್ವಾ, ನೀ ನಿದ್ದಿ ಮಾಡಿದ್ದಿ ಏನು?” ಎಂದು ಕೇಳಿದರೆ ಅವಳದೇ ಒಂದು ಚೀಟಿ ಆಗುವುದುಂಟು.

7. ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿ ಕೇಳಬೇಕು

ಕೇಳಿದರೆ ಆ ಯೋಚನೆ ಹುಟ್ಟುವುದಿಲ್ಲ. ಎಷ್ಟೋ ಜನ ಉಸಿರು ಬಿಟ್ಟು ಮಾತು ಶುರು ಮಾಡುತ್ತಾರೆ. ಹತ್ತಿ, ಮೆಣಸಿನಕಾಯಿ ಬೆಳೆಯುವ ಮನೆಯಾದರೆ ಬೆಳೆಗೆ ಹೊಡೆಯುವ ಎಣ್ಣೆ, ಅಂದರೆ ಕೀಟನಾಶಕದ ಡಬ್ಬಿ ಎಲ್ಲಿದೆ ಎಂದು ವಿಚಾರಿಸಿ, ಬೀಗದೊಳಗೆ ಇಡಿಸಿ, ಕೀಲಿಯನ್ನೂ ಗುಳಿಗೆಯನ್ನೂ ಬೇರೊಬ್ಬರ ಕೈಗೆ ಕೊಡಿಸುತ್ತೇವೆ. ಕೇಸಾಗುತ್ತದೆ ಎಂದು ಆಸ್ಪತ್ರೆಗೆ ತರಲು ಅಂಜುವವರಿಗೆ ಅದೇ 2017ರ ಕಾಯ್ದೆಯ 115ನೇ ಕಲಂ ಹೇಳುತ್ತೇನೆ: ಆತ್ಮಹತ್ಯೆಗೆ ಪ್ರಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರು ಎಂದೇ ಕಾನೂನು ಭಾವಿಸುತ್ತದೆ, ಅವರನ್ನು ಆರೈಕೆ ಮಾಡುವುದು ಸರ್ಕಾರದ ಹೊಣೆ.

8. ಗುಳೆ ಹೊರಡುವ ಮೊದಲು

ದೇವದುರ್ಗದ ತಾಂಡಾಗಳಿಂದ, ಹಳ್ಳಿಗಳಿಂದ ಬೆಂಗಳೂರು, ಪುಣೆಗೆ ಹೊರಟವರು ಎರಡು ತಿಂಗಳ ಗುಳಿಗೆ ಒಟ್ಟಿಗೆ ಕೇಳುತ್ತಾರೆ. ಕಾಯಿಲೆ ಹಿಡಿತದಲ್ಲಿದ್ದರೆ ಡಾಕ್ಟರು ಒಪ್ಪುತ್ತಾರೆ. ದಿನಾ ನುಂಗಲು ಒಲ್ಲೆನ್ನುವವರಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಚುಚ್ಚುವ ಫ್ಲೂಫೆನಜಿನ್ ಸೂಜಿ ಅನುಕೂಲ. ಮುಂದಿನ ಸೂಜಿಯ ತಾರೀಖು, ಹೋದ ಊರಿನ ಸರ್ಕಾರಿ ಆಸ್ಪತ್ರೆ ಎರಡನ್ನೂ ಬರೆದು ಕೊಡಬೇಕು. ಕಂಪನಿ ಹೆಸರು ಬೇಡ, ಔಷಧಿಯ ಮೂಲ ಹೆಸರನ್ನೇ ದೊಡ್ಡ ಅಕ್ಷರದಲ್ಲಿ ಬರೆಯುತ್ತೇನೆ, ಪುಣೆಯ ಅಂಗಡಿಯವನಿಗೂ ತಿಳಿಯಬೇಕಲ್ಲ. ಚೀಟಿಯ ಹಿಂದೆ 14416. ಅದು ಟೆಲಿ ಮಾನಸ್, ಹಗಲು ರಾತ್ರಿ ನಡೆಯುವ ಉಚಿತ ಕರೆ, ಕನ್ನಡದಲ್ಲೇ ಮಾತಾಡುತ್ತಾರೆ.

ಮೇಸ್ತ್ರಿಗೆ ಕಾಯಿಲೆಯ ವಿಷಯ ಹೇಳುವುದು ಬಿಡುವುದು ಅವರಿಗೆ ಬಿಟ್ಟದ್ದು. ಏರಿಳಿತದ ಕಾಯಿಲೆ ಇದ್ದವರಿಗೆ ಮಾತ್ರ ಒಂದು ಷರತ್ತು: ಸ್ಲ್ಯಾಬ್ ಹಾಕುವ ರಾತ್ರಿ ಪಾಳಿಗೆ ಒಲ್ಲೆ ಅನ್ನಬೇಕು, ಡಬಲ್ ಕೂಲಿ ಕೊಟ್ಟರೂ. ಎರಡು ರಾತ್ರಿ ನಿದ್ದೆಗೆಟ್ಟರೆ ಸಾಕು, ಉನ್ಮಾದ ಮತ್ತೆ ಏಳಬಹುದು.